ವೇವರ್ಲಿ ಬೆಟ್ಟದ ಆಸ್ಪತ್ರೆ

ಜನರು ಬಿಟ್ಟುಹೋದ ಕಟ್ಟಡವನ್ನು ಕಂಡಾಗ ಮನುಷ್ಯನ ಮನಸ್ಸು ಸುಮ್ಮನಿರುವುದಿಲ್ಲ. ಬಾಗಿಲು ಕಳಚಿದ ಛತ್ರ, ಸೂರು ಕುಸಿದ ಕಚೇರಿ, ಗಿಡಗಂಟಿ ಬೆಳೆದ ಹಳೆಯ ಸೆರೆಮನೆ ಮುಂತಾದ ಸ್ಥಳಗಳ ಸುತ್ತ ಕಥೆಗಳು ಹುತ್ತದಂತೆ ಬೆಳೆಯುತ್ತವೆ. ದೀಪ ಹಚ್ಚುವ ಹೊತ್ತಾದ ಮೇಲೆ ಅತ್ತ ಸುಳಿಯಬಾರದೆಂದು ಹಿರಿಯರು ಮಕ್ಕಳಿಗೆ ಹೇಳುತ್ತಾರೆ. ಹಾವು ಚೇಳುಗಳ ಭಯದಿಂದ ಹೇಳಿದ ವಿವೇಕದ ಮಾತೇ ಅದಾಗಿರಬಹುದು. ಆದರೆ ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಹಾವು ಚೇಳುಗಳು ಮರೆಯಾಗಿ, ಅವುಗಳ ಸ್ಥಾನದಲ್ಲಿ ಬಿಳಿಯ ಸೀರೆಯುಟ್ಟ ಹೆಂಗಸೊಬ್ಬಳು ನಿಂತಿರುತ್ತಾಳೆ.

ಪಾಳುಬಿದ್ದ ಕಟ್ಟಡಗಳಲ್ಲಿಯೂ ಆಸ್ಪತ್ರೆ, ಸೆರೆಮನೆ, ಹುಚ್ಚಾಸ್ಪತ್ರೆ, ಅನಾಥಾಲಯಗಳಿಗೆ ಅಂಟಿಕೊಳ್ಳುವಷ್ಟು ಕಥೆಗಳು ಸಾಮಾನ್ಯ ಮನೆಗಳಿಗೆ ಅಂಟಿಕೊಳ್ಳುವುದಿಲ್ಲ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮನೆಯಲ್ಲಿ ಬಾಳಿದವರು ಒಂದು ಕುಟುಂಬದವರು. ಅವರ ಸುಖದುಃಖಗಳನ್ನು ಬಲ್ಲ ನೆರೆಹೊರೆಯವರು ಇರುತ್ತಾರೆ. ಆಸ್ಪತ್ರೆ, ಸೆರೆಮನೆಗಳಲ್ಲಾದರೋ ನೂರಾರು ಅಪರಿಚಿತರು ತಮ್ಮ ಇಚ್ಛೆಗೆ ವಿರುದ್ಧವಾಗಿ ಒಂದೆಡೆ ಸೇರಿದ್ದರು. ಅನೇಕರು ಬಂಧುಬಳಗದಿಂದ ದೂರವಾಗಿಯೇ ಕೊನೆಯುಸಿರೆಳೆದರು. ಒಳಗೆ ಏನು ನಡೆಯಿತೆಂಬುದು ಹೊರಗಿನವರಿಗೆ ತಿಳಿಯಲಿಲ್ಲ. ತಿಳಿಯದ ಕಡೆಯಲ್ಲಿ ಕಲ್ಪನೆ ಕೆಲಸ ಮಾಡುತ್ತದೆ. ಇಂತಹ ಕಟ್ಟಡಗಳನ್ನು ರಾತ್ರಿಯ ವೇಳೆ ಹೊಕ್ಕು, ಅಲ್ಲಿ ಪ್ರೇತಗಳಿವೆಯೇ ಎಂದು ಪರೀಕ್ಷಿಸುವುದು ಪಾಶ್ಚಾತ್ಯ ದೇಶಗಳಲ್ಲಿ ಈಗ ಒಂದು ಹವ್ಯಾಸವಾಗಿ, ಸ್ವಲ್ಪಮಟ್ಟಿಗೆ ಒಂದು ವ್ಯಾಪಾರವಾಗಿಯೂ ಬೆಳೆದಿದೆ. ಈ ಪರೀಕ್ಷೆ ಎಂತಹದು, ಅದು ನಿಜವಾಗಿ ಪರೀಕ್ಷೆ ಎನ್ನಿಸಿಕೊಳ್ಳಬೇಕಾದರೆ ಹೇಗಿರಬೇಕು ಎಂಬುದನ್ನು ಒಂದು ಪ್ರಸಿದ್ಧ ಕಟ್ಟಡದ ನಿದರ್ಶನದಿಂದ ವಿಚಾರಿಸಬಹುದು.

ಅಮೆರಿಕ ಸಂಯುಕ್ತ ಸಂಸ್ಥಾನದ ಕೆಂಟಕಿ ರಾಜ್ಯದಲ್ಲಿ, ಒಹಾಯೋ ನದಿಯ ದಡದ ಮೇಲೆ ಲೂಯಿವಿಲ್ ಎಂಬ ನಗರವಿದೆ. ಅದರ ನೈಋತ್ಯ ಭಾಗದಲ್ಲಿರುವ ಒಂದು ಗುಡ್ಡದ ಭೂಮಿಯನ್ನು 1883ರಲ್ಲಿ ಮೇಜರ್ ಥಾಮಸ್ ಹೇಸ್ ಎಂಬಾತ ಕೊಂಡುಕೊಂಡನು. ಹತ್ತಿರದಲ್ಲಿ ಶಾಲೆಯಿಲ್ಲದಿದ್ದುದರಿಂದ ಅವನು ತನ್ನ ಹೆಣ್ಣುಮಕ್ಕಳಿಗಾಗಿ ಒಂದೇ ಕೊಠಡಿಯ ಶಾಲೆಯೊಂದನ್ನು ತೆರೆದು, ಲಿಜ್ಜಿ ಲೀ ಹ್ಯಾರಿಸ್ ಎಂಬಾಕೆಯನ್ನು ಉಪಾಧ್ಯಾಯಿನಿಯನ್ನಾಗಿ ನೇಮಿಸಿದನು. ಆಕೆಗೆ ಸರ್ ವಾಲ್ಟರ್ ಸ್ಕಾಟನ ‘ವೇವರ್ಲಿ’ ಕಾದಂಬರಿಗಳೆಂದರೆ ಬಹಳ ಪ್ರೀತಿ. ತನ್ನ ಪುಟ್ಟ ಶಾಲೆಗೆ ಆಕೆ ಅದೇ ಹೆಸರನ್ನಿಟ್ಟಳು; ಹೇಸ್ ಅದನ್ನು ಮೆಚ್ಚಿ ಇಡೀ ಗುಡ್ಡವನ್ನೇ ವೇವರ್ಲಿ ಬೆಟ್ಟವೆಂದು ಕರೆದನು. ಒಬ್ಬ ಹಳ್ಳಿಯ ಉಪಾಧ್ಯಾಯಿನಿಯ ಓದಿನ ಅಭಿರುಚಿ ಇಂದು ಭೂತಪ್ರೇತಗಳಿಗೆ ಹೆಸರಾದ ಸ್ಥಳವೊಂದರ ನಾಮಧೇಯವಾಗಿ ಉಳಿದುಕೊಂಡಿರುವುದು ವಿಚಿತ್ರವಾಗಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಪ್ರದೇಶವನ್ನು ಕ್ಷಯರೋಗವು ಘೋರವಾಗಿ ಪೀಡಿಸುತ್ತಿದ್ದಿತು. ಆ ರೋಗದ ಸೂಕ್ಷ್ಮಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ 1882ರಲ್ಲಿಯೇ ಕಂಡುಹಿಡಿದಿದ್ದನು. ಆದರೆ ಶತ್ರು ಯಾರೆಂದು ತಿಳಿದ ಮಾತ್ರಕ್ಕೆ ಅವನನ್ನು ಕೊಲ್ಲುವ ಆಯುಧ ಕೈಗೆ ಬಂದಂತಾಗಲಿಲ್ಲ. ರೋಗಿಗಳನ್ನು ಊರಿನಿಂದ ಬೇರ್ಪಡಿಸಿ, ಎತ್ತರದ ಸ್ಥಳದಲ್ಲಿ ಶುದ್ಧ ಗಾಳಿ, ಬಿಸಿಲು, ಪುಷ್ಟಿಕರವಾದ ಆಹಾರ, ವಿಶ್ರಾಂತಿಗಳನ್ನು ಒದಗಿಸುವುದೊಂದೇ ಅಂದಿನ ಉಪಾಯವಾಗಿದ್ದಿತು. ಈ ಉದ್ದೇಶದಿಂದ ವೇವರ್ಲಿ ಬೆಟ್ಟದ ಮೇಲೆ ಎರಡು ಅಂತಸ್ತಿನ ಮರದ ಕಟ್ಟಡವೊಂದು ಎದ್ದಿತು. 1910ರ ಜುಲೈ ತಿಂಗಳಲ್ಲಿ ತೆರೆದ ಆ ಆರೋಗ್ಯಧಾಮದಲ್ಲಿ ನಲವತ್ತು ರೋಗಿಗಳಿಗೆ ಮಾತ್ರ ಸ್ಥಳವಿದ್ದಿತು. ರೋಗಿಗಳ ಸಂಖ್ಯೆ ಏರುತ್ತ ಹೋಗಿ ಆ ಸ್ಥಳ ಏನೇನೂ ಸಾಲದಾಯಿತು. 1924ರಲ್ಲಿ ಐದು ಅಂತಸ್ತಿನ ಭಾರಿ ಕಟ್ಟಡದ ಕೆಲಸ ಆರಂಭವಾಗಿ 1926ರ ಅಕ್ಟೋಬರಿನಲ್ಲಿ ಮುಗಿಯಿತು. ಅದರಲ್ಲಿ ನಾನೂರಕ್ಕೂ ಹೆಚ್ಚು ರೋಗಿಗಳು ಇರಬಹುದಾಗಿದ್ದಿತು.

ಈ ಕಟ್ಟಡದ ಚಿತ್ರವನ್ನು ನೋಡಿದವರಿಗೆ ಮೊದಲು ಎದ್ದು ಕಾಣುವುದು ಅದರ ಉದ್ದನೆಯ ತೆರೆದ ಮೊಗಸಾಲೆಗಳು. ರೋಗಿಗಳ ಮಂಚಗಳನ್ನು ಪ್ರತಿದಿನ ಈ ಮೊಗಸಾಲೆಗಳಿಗೆ ತಳ್ಳಿಕೊಂಡು ಬಂದು ಗಾಳಿ ಬಿಸಿಲುಗಳಿಗೆ ಒಡ್ಡುತ್ತಿದ್ದರು. ಚಳಿಗಾಲದಲ್ಲಿಯೂ ಈ ಕ್ರಮ ತಪ್ಪುತ್ತಿರಲಿಲ್ಲ. ಕಂಬಳಿ ಹೊದ್ದು ಹಿಮ ಬೀಳುವುದನ್ನು ನೋಡುತ್ತ ಮಲಗಿರುವುದೇ ಚಿಕಿತ್ಸೆಯಾಗಿದ್ದಿತು. ರೋಗ ಉಲ್ಬಣಿಸಿದವರ ಒಂದು ಶ್ವಾಸಕೋಶವನ್ನು ಕುಗ್ಗಿಸಿ ಅದಕ್ಕೆ ವಿಶ್ರಾಂತಿ ಕೊಡುವ ಶಸ್ತ್ರಕ್ರಿಯೆಗಳೂ ಆ ಕಾಲದಲ್ಲಿ ನಡೆಯುತ್ತಿದ್ದುವು. ಕೆಲವೊಮ್ಮೆ ಪಕ್ಕೆಲುಬುಗಳನ್ನೇ ತೆಗೆಯಬೇಕಾಗುತ್ತಿದ್ದಿತು. ಇಂದು ಓದುವಾಗ ಇವು ಕ್ರೂರವಾಗಿ ತೋರುತ್ತವೆ. ಬೇರೆ ದಾರಿಯಿಲ್ಲದಿದ್ದ ವೈದ್ಯರು ತಮಗೆ ತಿಳಿದದ್ದನ್ನು ಮಾಡಿದರು. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ದೊರಕಿದ ಮೇಲೆ ಪರಿಸ್ಥಿತಿ ಬದಲಾಯಿತು. ಮಂಚಗಳು ಒಂದೊಂದಾಗಿ ಖಾಲಿಯಾದುವು. 1961ರಲ್ಲಿ ಆರೋಗ್ಯಧಾಮವನ್ನು ಮುಚ್ಚಲಾಯಿತು. ಮರುವರ್ಷ ಅದೇ ಕಟ್ಟಡದಲ್ಲಿ ವೃದ್ಧರ ಶುಶ್ರೂಷಾಲಯವೊಂದು ಆರಂಭವಾಗಿ, ಸುಮಾರು ಇಪ್ಪತ್ತು ವರ್ಷ ನಡೆದು, ಅದೂ ನಿಂತುಹೋಯಿತು. ಅನಂತರ ಕಟ್ಟಡ ಪಾಳುಬಿದ್ದಿತು. ಗಾಜುಗಳು ಒಡೆದುವು, ಗೋಡೆಗಳ ಮೇಲೆ ಪುಂಡರು ಬಣ್ಣದಿಂದ ಗೀಚಿದರು.

ಕಥೆಗಳು ಹಬ್ಬಿದ್ದು ಈ ಕಾಲದಲ್ಲಿ. ಐದನೆಯ ಅಂತಸ್ತಿನ 502ನೆಯ ಕೊಠಡಿಯಲ್ಲಿ ದಾದಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡಳಂತೆ, ಅವಳ ನೆರಳು ಇಂದಿಗೂ ಅಲ್ಲಿ ಸುಳಿಯುವುದಂತೆ. ಚೆಂಡಾಡುವ ಹುಡುಗನೊಬ್ಬ ಮೊಗಸಾಲೆಯಲ್ಲಿ ಕಾಣಿಸಿಕೊಳ್ಳುವನಂತೆ. ಯಾರೂ ಇಲ್ಲದ ಕೊಠಡಿಗಳಲ್ಲಿ ಕೆಮ್ಮಿನ ಸದ್ದು ಕೇಳಿಬರುವುದಂತೆ. ಈ ಎಲ್ಲ ‘ಅಂತೆ’ಗಳಿಗೆ ಶಿಖರಪ್ರಾಯವಾಗಿ, ಆ ಆಸ್ಪತ್ರೆಯಲ್ಲಿ ಅರವತ್ತಮೂರು ಸಾವಿರ ಜನ ಸತ್ತರೆಂಬ ಮಾತೊಂದು ಹುಟ್ಟಿಕೊಂಡಿತು. 2001ರಲ್ಲಿ ಕಟ್ಟಡವನ್ನು ಕೊಂಡ ಹೊಸ ಮಾಲೀಕರು ಜನರಿಗೆ ಅದನ್ನು ತೋರಿಸುವ ವ್ಯವಸ್ಥೆ ಮಾಡಿದರು. ಬಂದ ಹಣವನ್ನು ಜೀರ್ಣೋದ್ಧಾರಕ್ಕೆ ಬಳಸುವುದು ಅವರ ಉದ್ದೇಶ. ಹಾಗಾಗಿ ಕಟ್ಟಡ ನೆಲಕ್ಕುರುಳದೆ ಉಳಿದಿರುವುದಕ್ಕೆ ದೆವ್ವಗಳ ಸಹಾಯವೂ ಇದೆಯೆಂದು ಒಪ್ಪಬೇಕು. ದೂರದರ್ಶನದ ತಂಡಗಳು ಬಂದುವು. ಇರುಳೆಲ್ಲ ಅಲ್ಲಿದ್ದು ಪರೀಕ್ಷೆ ನಡೆಸಬಯಸುವವರು ಹಣ ತೆತ್ತು ಬರತೊಡಗಿದರು.

ಅರವತ್ತಮೂರು ಸಾವಿರ ಎಂಬ ಸಂಖ್ಯೆಯನ್ನು ಮೊದಲು ಪರೀಕ್ಷಿಸೋಣ. ಇದಕ್ಕೆ ರಾತ್ರಿಯ ಜಾಗರಣೆಯೂ ಬೇಡ, ಯಂತ್ರವೂ ಬೇಡ. ಒಂದು ಕಾಗದ, ಒಂದು ಸೀಸದಕಡ್ಡಿ ಸಾಕು. ಆಸ್ಪತ್ರೆ ನಡೆದದ್ದು 1910ರಿಂದ 1961ರವರೆಗೆ, ಅಂದರೆ ಐವತ್ತೊಂದು ವರ್ಷ. 63,000ವನ್ನು 51ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 1,235 ಸಾವುಗಳಾಗುತ್ತವೆ. ದಿನವೊಂದಕ್ಕೆ ಮೂರಕ್ಕಿಂತ ಹೆಚ್ಚು. ಅದೂ ಐವತ್ತೊಂದು ವರ್ಷಗಳ ಕಾಲ ಒಂದು ದಿನವೂ ಬಿಡದೆ. ದೊಡ್ಡ ಕಟ್ಟಡದಲ್ಲಿದ್ದವರು ಸುಮಾರು ನಾನೂರು ಮಂದಿ. ಆ ಲೆಕ್ಕದಂತೆ ಪ್ರತಿಯೊಂದು ಮಂಚವೂ ವರ್ಷಕ್ಕೆ ಮೂರು ಸಲ ಸಾವಿನಿಂದಲೇ ತೆರವಾಗಬೇಕು. ಕ್ಷಯರೋಗಿಗಳಾದರೋ ತಿಂಗಳುಗಟ್ಟಲೆ, ಅನೇಕ ವೇಳೆ ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಇರುತ್ತಿದ್ದವರು. ಗುಣಹೊಂದಿ ಮನೆಗೆ ಮರಳಿದವರೂ ಇದ್ದರು. ಅದಕ್ಕೂ ಮಿಗಿಲಾಗಿ, ಮೊದಲ ವರ್ಷಗಳಲ್ಲಿ ಅಲ್ಲಿದ್ದುದು ನಲವತ್ತು ಮಂಚಗಳ ಮರದ ಮನೆ.

ಇಷ್ಟು ಸಾಲದೆಂದರೆ ಅಲ್ಲಿಯೇ ಕೆಲಸ ಮಾಡಿದವರ ಸಾಕ್ಷ್ಯವಿದೆ. ಆ ಆಸ್ಪತ್ರೆಯ ಸಹಾಯಕ ವೈದ್ಯಾಧಿಕಾರಿಯಾಗಿದ್ದ ಡಾ. ಫ್ರ್ಯಾಂಕ್ ಸ್ಟೂವರ್ಟ್ ತಮ್ಮ ಆತ್ಮಕಥೆಯಲ್ಲಿ, ಒಂದು ವರ್ಷದಲ್ಲಿ ಸಂಭವಿಸಿದ ಸಾವುಗಳ ಅತ್ಯಧಿಕ ಸಂಖ್ಯೆ 152 ಎಂದು ದಾಖಲಿಸಿದ್ದಾರೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ರೋಗ ಬಲಿತ ಸೈನಿಕರು ಹೊರದೇಶಗಳಿಂದ ಮರಳಿ ಬಂದಾಗ ಪರಿಸ್ಥಿತಿ ಎಲ್ಲಕ್ಕಿಂತ ಕೆಟ್ಟದಾಗಿತ್ತೆಂದೂ ಅವರು ಹೇಳುತ್ತಾರೆ. ಪ್ರತಿವರ್ಷವೂ ಆ ಅತ್ಯಧಿಕ ಸಂಖ್ಯೆಯಷ್ಟೇ ಜನ ಸತ್ತರೆಂದು ಇಟ್ಟುಕೊಂಡರೂ ಐವತ್ತೊಂದು ವರ್ಷಗಳಿಗೆ 7,752 ಆಗುತ್ತದೆ. ನಿಜವಾದ ಸಂಖ್ಯೆ ಅದಕ್ಕಿಂತ ಕಡಿಮೆಯೇ ಇರಬೇಕು.

ಸಾವಿರಾರು ಜನರ ಮರಣವೇನೂ ಅಲ್ಪ ಸಂಗತಿಯಲ್ಲ. ಆ ದುಃಖವನ್ನು ಹತ್ತುಪಟ್ಟು ಹಿಗ್ಗಿಸುವ ಅಗತ್ಯ ಯಾರಿಗೂ ಇರಬಾರದಾಗಿತ್ತು. ಹಿಗ್ಗಿಸಿದಾಗ ನಷ್ಟವಾಗುವುದು ಸತ್ತವರಿಗೇ. ಪ್ರತಿಯೊಬ್ಬನಿಗೂ ಒಂದು ಹೆಸರಿದ್ದಿತು, ಊರಿದ್ದಿತು, ಕಾಗದ ಬರೆಯುವ ತಾಯಿಯೋ ಹೆಂಡತಿಯೋ ಇದ್ದರು. ಅರವತ್ತಮೂರು ಸಾವಿರವೆಂಬ ರಾಶಿಯಲ್ಲಿ ಅವರೆಲ್ಲರೂ ಮುಖವಿಲ್ಲದ ನೆರಳುಗಳಾಗಿಬಿಡುತ್ತಾರೆ. 502ನೆಯ ಕೊಠಡಿಯ ದಾದಿಯ ಕಥೆಯನ್ನು ಹೇಳುವವರು ಸಾವಿರ ಮಂದಿ. ಸೋಂಕಿನ ಭಯವಿದ್ದರೂ ಹಗಲಿರುಳು ರೋಗಿಗಳ ಸೇವೆ ಮಾಡಿದ ಉಳಿದ ದಾದಿಯರ ಮಾತನ್ನು ಎತ್ತುವವರು ವಿರಳ.

ಇನ್ನು ರಾತ್ರಿಯ ಪರೀಕ್ಷೆಯ ವಿಷಯ. ಪರೀಕ್ಷಕರ ತಂಡಗಳು ದೀಪಗಳನ್ನು ಆರಿಸಿ, ವಿವಿಧ ಯಂತ್ರಗಳನ್ನು ಹಿಡಿದು ಕೊಠಡಿಯಿಂದ ಕೊಠಡಿಗೆ ನಡೆಯುತ್ತವೆ. ಅವುಗಳಲ್ಲಿ ಮುಖ್ಯವಾದುದು ವಿದ್ಯುತ್ಕಾಂತ ಕ್ಷೇತ್ರವನ್ನು ಅಳೆಯುವ ಸಣ್ಣ ಮಾಪಕ. ವಿದ್ಯುತ್ ತಂತಿ ಮತ್ತು ಉಪಕರಣಗಳ ಸುತ್ತಲಿನ ಕ್ಷೇತ್ರವನ್ನು ತಿಳಿಯಲು ಮಾಡಿದ ಯಂತ್ರವದು. ಜೇಬಿನಲ್ಲಿರುವ ಮೊಬೈಲ್ ಫೋನಿನಿಂದಲೂ ಅದರ ದೀಪ ಮಿನುಗಬಹುದು. ಪ್ರೇತಕ್ಕೆ ವಿದ್ಯುತ್ಕಾಂತ ಕ್ಷೇತ್ರವಿದೆಯೆಂದು ಯಾರು, ಯಾವಾಗ, ಹೇಗೆ ಅಳೆದು ತಿಳಿದರು? ಇದಕ್ಕೆ ಉತ್ತರವಿಲ್ಲ. ಮುಟ್ಟದೆಯೇ ಉಷ್ಣತೆಯನ್ನು ತೋರಿಸುವ ಮತ್ತೊಂದು ಯಂತ್ರವೂ ಅವರಲ್ಲಿರುತ್ತದೆ. ಅದು ಅಳೆಯುವುದು ಎದುರಿನ ಗೋಡೆಯ ಮೇಲ್ಮೈಯ ಉಷ್ಣತೆಯನ್ನೇ ಹೊರತು ನಡುವಿನ ಗಾಳಿಯದನ್ನಲ್ಲ. ಒಡೆದ ಕಿಟಕಿಯ ಪಕ್ಕದ ಗೋಡೆ ತಣ್ಣಗಿದ್ದರೆ, ಅಲ್ಲೊಂದು ‘ಶೀತಲ ಸನ್ನಿಧಿ’ ಇದೆಯೆಂದು ಬರೆದುಕೊಳ್ಳುತ್ತಾರೆ. ಛಾಯಾಚಿತ್ರಗಳಲ್ಲಿ ಕಾಣುವ ಬಿಳಿಯ ಗೋಲಗಳನ್ನು ಆತ್ಮಗಳೆಂದು ತಿಳಿಯುವುದುಂಟು. ಮಸೂರಕ್ಕೆ ಅತಿ ಸಮೀಪದಲ್ಲಿ ತೇಲುವ ಧೂಳಿನ ಕಣಗಳ ಮೇಲೆ ಕ್ಯಾಮೆರದ ಬೆಳಕು ಬಿದ್ದಾಗ ಅಂತಹ ಗೋಲಗಳು ಮೂಡುತ್ತವೆ. ಪಾಳುಬಿದ್ದ ಕಟ್ಟಡದಲ್ಲಿ ಧೂಳಿಗೇನು ಬರ?

ಧ್ವನಿಮುದ್ರಣದ ವಿಷಯ ಸ್ವಲ್ಪ ಸೂಕ್ಷ್ಮವಾದುದು. ಖಾಲಿ ಕೊಠಡಿಯಲ್ಲಿ ಪ್ರಶ್ನೆ ಕೇಳಿ, ಮೌನವನ್ನು ಮುದ್ರಿಸಿಕೊಂಡು, ಅನಂತರ ಅದನ್ನು ಮತ್ತೆ ಮತ್ತೆ ಆಲಿಸಿದರೆ ಗೊರಗೊರ ಸದ್ದಿನ ನಡುವೆ ಒಂದೆರಡು ಪದಗಳು ಕೇಳಿಸುತ್ತವೆ ಎನ್ನುತ್ತಾರೆ. ಕೇಳಿಸುವುದು ಸುಳ್ಳಲ್ಲ. ರೈಲಿನಲ್ಲಿ ಪ್ರಯಾಣ ಮಾಡುವಾಗ ನಾವು ಯಾವ ಪದವನ್ನು ಮನಸ್ಸಿನಲ್ಲಿ ನೆನೆಯುತ್ತೇವೆಯೋ ಗಾಲಿಗಳು ಅದನ್ನೇ ಹೇಳುವಂತೆ ತೋರುವುದಿಲ್ಲವೇ? ಅರ್ಥವಿಲ್ಲದ ಸದ್ದಿನಲ್ಲಿ ಅರ್ಥವನ್ನು ಹುಡುಕುವುದು ಮಾನವನ ಕಿವಿಗೆ ಸಹಜವಾದ ಗುಣ. ಮಾತನ್ನು ಕಲಿಯಲು ನಮಗೆ ನೆರವಾದುದೂ ಅದೇ ಗುಣ. ಆದ್ದರಿಂದ ನ್ಯಾಯವಾದ ಪರೀಕ್ಷೆಯೆಂದರೆ, ಆ ಮುದ್ರಣವನ್ನು ಏನೂ ಹೇಳದೆ ಹತ್ತು ಮಂದಿಗೆ ಬೇರೆ ಬೇರೆಯಾಗಿ ಕೇಳಿಸಿ, ಅವರವರಿಗೆ ಕೇಳಿಸಿದ್ದನ್ನು ಬರೆಯಹೇಳುವುದು. ಹತ್ತು ಮಂದಿಯೂ ಒಂದೇ ಪದವನ್ನು ಬರೆದರೆ ಆಗ ವಿಚಾರ ಮಾಡಬೇಕಾದ್ದೇ. ಆದರೆ ತಂಡದ ನಾಯಕ ಮೊದಲೇ “ನೋಡಿ, ‘ಹೊರಗೆ ಹೋಗು’ ಎಂದಿತು” ಎಂದು ಹೇಳಿಬಿಟ್ಟರೆ ಉಳಿದವರಿಗೂ ಅದೇ ಕೇಳಿಸುತ್ತದೆ.

ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತವನ್ನು ನಮ್ಮ ವೇದಾಂತಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಮಬ್ಬುಗತ್ತಲೆಯಲ್ಲಿ ಕಂಡ ಹಾವು ದೀಪ ತಂದಾಗ ಹಗ್ಗವಾಗುತ್ತದೆ. ಈ ರಾತ್ರಿಯ ಪರೀಕ್ಷಕರ ಕ್ರಮದಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ತೋರುವುದು ಇದೇ: ಏನಿದೆಯೆಂದು ತಿಳಿಯಬೇಕಾದಾಗ ಅವರು ಇರುವ ದೀಪವನ್ನೂ ಆರಿಸುತ್ತಾರೆ.

ಹಾಗೆಂದು ಇಂತಹ ಪರೀಕ್ಷೆಗಳೆಲ್ಲ ಹಾಸ್ಯಾಸ್ಪದವೆಂದು ತಳ್ಳಿಹಾಕಲಾಗದು. ಕಾಕ್ ಕ್ಷಯದ ಸೂಕ್ಷ್ಮಾಣುವನ್ನು ಪ್ರಕಟಿಸಿದ 1882ರಲ್ಲಿಯೇ ಲಂಡನ್ನಿನಲ್ಲಿ ಅತೀಂದ್ರಿಯ ಸಂಶೋಧನೆಗಾಗಿ ವಿದ್ವಾಂಸರ ಸಂಘವೊಂದು ಸ್ಥಾಪಿತವಾಗಿ, ಇಂತಹ ವರದಿಗಳನ್ನು ಸಂಗ್ರಹಿಸಿ ವಿಮರ್ಶಿಸುವ ಕೆಲಸವನ್ನು ಆರಂಭಿಸಿತು. 1937ರಲ್ಲಿ ಹ್ಯಾರಿ ಪ್ರೈಸ್ ಎಂಬಾತ ಇಂಗ್ಲೆಂಡಿನ ಬೋರ್ಲಿ ಗ್ರಾಮದಲ್ಲಿ ತೆರವಾಗಿದ್ದ ಪಾದ್ರಿಗಳ ವಸತಿಗೃಹವನ್ನು ಒಂದು ವರ್ಷಕ್ಕೆ ಬಾಡಿಗೆಗೆ ಹಿಡಿದು, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ನಲವತ್ತೆಂಟು ಮಂದಿ ವೀಕ್ಷಕರನ್ನು ಕೂಡಿಸಿದನು. ಪ್ರತಿಯೊಬ್ಬರಿಗೂ ಸೂಚನೆಗಳ ಒಂದು ಕಿರುಪುಸ್ತಕವನ್ನು ಕೊಟ್ಟಿದ್ದನು. ಏರ್ಪಾಟೇನೋ ಚೆನ್ನಾಗಿದ್ದಿತು. ಆದರೆ ಆ ಮನೆಯಲ್ಲಿ ಯಾವ ಯಾವ ಅದ್ಭುತಗಳನ್ನು ನಿರೀಕ್ಷಿಸಬಹುದೆಂಬುದೂ ಅದೇ ಪುಸ್ತಕದಲ್ಲಿ ಇದ್ದಿತು! ಪ್ರಶ್ನಪತ್ರಿಕೆಯ ಜೊತೆಯಲ್ಲಿಯೇ ಉತ್ತರವನ್ನೂ ಹಂಚಿದಂತಾಯಿತು. 1956ರಲ್ಲಿ ಲಂಡನ್ನಿನ ಆ ಸಂಘದ ಮೂವರು ಸದಸ್ಯರು ಇಡೀ ಪ್ರಕರಣವನ್ನು ಮರುಪರಿಶೀಲಿಸಿ ಪ್ರೈಸನ ವರದಿಗಳನ್ನು ಕಟುವಾಗಿ ವಿಮರ್ಶಿಸಿದರು.

ಕೆಲವೊಮ್ಮೆ ಪ್ರೇತವನ್ನು ಹುಡುಕಿಕೊಂಡು ಹೋದವರಿಗೆ ಪ್ರಾಣವನ್ನು ಉಳಿಸುವ ಸತ್ಯ ದೊರಕಿದ್ದುಂಟು. ಅಮೆರಿಕದ ನೇತ್ರವೈದ್ಯ ವಿಲಿಯಂ ವಿಲ್ಮರ್ 1921ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಕುಟುಂಬದ ವೃತ್ತಾಂತವನ್ನು ಪ್ರಕಟಿಸಿದನು. ಆ ಕುಟುಂಬದವರು 1912ರಲ್ಲಿ ಹಳೆಯ ಮನೆಯೊಂದಕ್ಕೆ ಬಂದು ನೆಲಸಿದ್ದರು. ಕೆಲವೇ ದಿನಗಳಲ್ಲಿ ಅವರಿಗೆ ತಲೆನೋವು, ಆಯಾಸ ಕಾಣಿಸಿಕೊಂಡುವು, ರಾತ್ರಿ ಹೆಜ್ಜೆಯ ಸಪ್ಪಳ ಕೇಳಿಸಿತು, ಅಪರಿಚಿತ ಆಕೃತಿಗಳು ಕಂಡುವು, ಮಕ್ಕಳು ಸೊರಗಿದರು, ಕುಂಡಗಳಲ್ಲಿದ್ದ ಗಿಡಗಳೂ ಒಣಗಿದುವು. ಕೊನೆಗೆ ಪರಿಶೀಲಿಸಿ ನೋಡಿದಾಗ, ಮನೆಯನ್ನು ಬೆಚ್ಚಗಿಡುವ ಒಲೆ ಕೆಟ್ಟು ಅದರ ಹೊಗೆ ಕೊಠಡಿಗಳಿಗೆ ನುಗ್ಗುತ್ತಿದ್ದುದು ತಿಳಿಯಿತು. ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿ ಮಿದುಳನ್ನು ಮಂಕುಮಾಡುತ್ತದೆ. ಒಲೆಯನ್ನು ಸರಿಪಡಿಸಿದ ಮೇಲೆ ಪ್ರೇತಗಳು ಮತ್ತೆ ಬರಲಿಲ್ಲ. ಆ ಕುಟುಂಬ ಮಂತ್ರವಾದಿಯನ್ನು ಕರೆಸಿ ಸುಮ್ಮನಾಗಿದ್ದರೆ ಏನಾಗುತ್ತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ಇದಕ್ಕಿಂತ ಕುತೂಹಲಕರವಾದುದು ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಎಂಜಿನಿಯರನ ಅನುಭವ. ಅವನು ವೈದ್ಯಕೀಯ ಉಪಕರಣಗಳನ್ನು ತಯಾರಿಸುವ ಸಂಸ್ಥೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದನು. ಆ ಕೊಠಡಿಯಲ್ಲಿ ದೆವ್ವವಿದೆಯೆಂಬ ಪುಕಾರು ಇದ್ದಿತು. ಒಂದು ರಾತ್ರಿ ಟ್ಯಾಂಡಿ ಒಬ್ಬನೇ ಬರೆಯುತ್ತ ಕುಳಿತಿದ್ದಾಗ ಮೈ ಬೆವರಿತು, ಕೂದಲು ನಿಮಿರಿ ನಿಂತಿತು. ಎಡಗಣ್ಣಿನ ಅಂಚಿನಲ್ಲಿ ಬೂದುಬಣ್ಣದ ಆಕೃತಿಯೊಂದು ಮೆಲ್ಲನೆ ಮೂಡಿದಂತಾಯಿತು. ಧೈರ್ಯ ಮಾಡಿ ಅತ್ತ ತಿರುಗಿದನು, ಅದು ಮಾಯವಾಯಿತು. ಹೆದರಿದ ಅವನು ಮನೆಗೆ ಹೊರಟುಹೋದನು. ಇಲ್ಲಿಗೇ ನಿಂತಿದ್ದರೆ ಇದೂ ಒಂದು ದೆವ್ವದ ಕಥೆಯಾಗುತ್ತಿದ್ದಿತು.

ಟ್ಯಾಂಡಿಗೆ ಕತ್ತಿವರಸೆಯ ಹವ್ಯಾಸವಿದ್ದಿತು. ಮರುದಿನ ತನ್ನ ಕತ್ತಿಯನ್ನು ಸರಿಮಾಡಿಕೊಳ್ಳಲು ಅದರ ಅಲಗನ್ನು ಪ್ರಯೋಗಶಾಲೆಯ ಇಕ್ಕಳದಲ್ಲಿ ಬಿಗಿದು, ಎಣ್ಣೆ ತರಲು ಹೋದನು. ಬಂದು ನೋಡುತ್ತಾನೆ: ಯಾರೂ ಮುಟ್ಟದಿದ್ದರೂ ಅಲಗಿನ ತುದಿ ಮೇಲೆ ಕೆಳಗೆ ವೇಗವಾಗಿ ಕುಣಿಯುತ್ತಿದೆ! ಈ ಸಲ ಅವನು ಓಡಿಹೋಗಲಿಲ್ಲ. ಕುಣಿಯಬೇಕಾದರೆ ಅಲಗಿಗೆ ಎಲ್ಲಿಂದಲೋ ಶಕ್ತಿ ಬರುತ್ತಿರಬೇಕೆಂದು ಯೋಚಿಸಿ, ಇಕ್ಕಳವನ್ನು ಕೊಠಡಿಯ ಉದ್ದಕ್ಕೂ ಸರಿಸುತ್ತ ಹೋದನು. ಕೊಠಡಿಯ ನಡುವೆ ಕಂಪನ ಹೆಚ್ಚು. ಎರಡು ತುದಿಗಳಲ್ಲಿ ಇಲ್ಲವೇ ಇಲ್ಲ. ಗಾಳಿಯಲ್ಲಿ ಒಂದು ಸ್ಥಿರ ತರಂಗ ನಿಂತಿದೆಯೆಂದು ಅವನಿಗೆ ಹೊಳೆಯಿತು. ಕೊಠಡಿಯ ಉದ್ದ 30 ಅಡಿ; ತರಂಗದ ಉದ್ದ ಅದರ ಎರಡರಷ್ಟು, ಅಂದರೆ 60 ಅಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1,139 ಅಡಿ. ಭಾಗಿಸಿದರೆ ಸೆಕೆಂಡಿಗೆ ಸುಮಾರು 19 ಕಂಪನಗಳಾಗುತ್ತವೆ. ಮನುಷ್ಯನ ಕಿವಿ ಸಾಮಾನ್ಯವಾಗಿ ಇಪ್ಪತ್ತಕ್ಕಿಂತ ಕಡಿಮೆ ಕಂಪನಗಳ ಶಬ್ದವನ್ನು ಗ್ರಹಿಸಲಾರದು. ವಿಚಾರಿಸಿದಾಗ, ಕೊಠಡಿಯ ತುದಿಯಲ್ಲಿ ಗಾಳಿಯನ್ನು ಹೊರದೂಡುವ ಹೊಸ ಪಂಖವೊಂದನ್ನು ಕೂರಿಸಿದ್ದುದು ತಿಳಿಯಿತು. ಅದನ್ನು ಕೂರಿಸಿದ್ದ ಬಗೆಯನ್ನು ಬದಲಾಯಿಸಿದೊಡನೆ ಅಲಗು ನಿಂತಿತು. ಕೊಠಡಿಯಲ್ಲಿ ಆವರಿಸಿದ್ದ ಅವ್ಯಕ್ತ ಭಯವೂ ಇಲ್ಲವಾಯಿತು. ಕಣ್ಣಿನ ಗುಡ್ಡೆಯೇ ಇಂತಹ ಕಂಪನಕ್ಕೆ ಮಿಡಿದು ಬೂದು ಆಕೃತಿಯ ಭ್ರಮೆಯನ್ನು ಉಂಟುಮಾಡಿರಬಹುದೆಂದು ಟ್ಯಾಂಡಿ ಊಹಿಸಿ, 1998ರಲ್ಲಿ ಸಹೋದ್ಯೋಗಿಯೊಬ್ಬನೊಡನೆ ಲೇಖನವನ್ನು ಪ್ರಕಟಿಸಿದನು. ಅದು ಪ್ರಕಟವಾದದ್ದು 1882ರಲ್ಲಿ ಸ್ಥಾಪಿತವಾದ ಆ ಸಂಘದ ಪತ್ರಿಕೆಯಲ್ಲಿಯೇ.

ಇಷ್ಟು ಸೊಗಸಾದ ವಿವರಣೆಯನ್ನು ಓದಿದ ಮೇಲೆ, ಎಲ್ಲ ದೆವ್ವಗಳೂ ಕೇಳಿಸದ ಶಬ್ದದಿಂದಲೇ ಹುಟ್ಟುತ್ತವೆಂದು ನಂಬಿಬಿಡುವ ಆಸೆಯಾಗುತ್ತದೆ. ಅದೂ ಒಂದು ಆತುರವೇ. ಲಂಡನ್ನಿನ ಮನಶ್ಶಾಸ್ತ್ರಜ್ಞ ಕ್ರಿಸ್ ಫ್ರೆಂಚ್ ಮತ್ತು ಅವನ ಸಂಗಡಿಗರು ಕೃತಕವಾದ ‘ದೆವ್ವದ ಕೊಠಡಿ’ಯೊಂದನ್ನು ನಿರ್ಮಿಸಿ, 79 ಮಂದಿಯನ್ನು ಒಬ್ಬೊಬ್ಬರಾಗಿ ಅದರಲ್ಲಿ 50 ನಿಮಿಷ ಇರಿಸಿದರು. ಕೆಲವರಿದ್ದಾಗ ಕೇಳಿಸದ ಶಬ್ದವನ್ನೂ ಕೆಲವರಿದ್ದಾಗ ವಿದ್ಯುತ್ಕಾಂತ ಕ್ಷೇತ್ರವನ್ನೂ ಹರಿಸಿದರು. ಕೆಲವರಿಗೆ ಎರಡನ್ನೂ, ಇನ್ನು ಕೆಲವರಿಗೆ ಯಾವುದನ್ನೂ ಇಲ್ಲ. ಅಲ್ಲಿ ವಿಚಿತ್ರ ಅನುಭವಗಳಾಗಬಹುದೆಂದು ಎಲ್ಲರಿಗೂ ಮುಂಚೆಯೇ ತಿಳಿಸಲಾಗಿತ್ತು. ಅನೇಕರಿಗೆ ಅನುಭವಗಳು ಆದುವು. ಆದರೆ ಯಂತ್ರಗಳು ನಡೆಯುತ್ತಿದ್ದುವೋ ನಿಂತಿದ್ದುವೋ ಎಂಬುದಕ್ಕೂ ಅವಕ್ಕೂ ಸಂಬಂಧ ಕಾಣಲಿಲ್ಲ. 2009ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ, ‘ಆಗಬಹುದು’ ಎಂಬ ಸೂಚನೆಯೇ ಬಹುಮಟ್ಟಿಗೆ ಕಾರಣವಾಗಿರಬೇಕೆಂದು ಅವರು ಅಭಿಪ್ರಾಯಪಟ್ಟರು. ಇನ್ನೊಂದು ಕಡೆ, ರಿಚರ್ಡ್ ವೈಸ್‌ಮನ್ ಮತ್ತು ಅವನ ಸಂಗಡಿಗರು ಎಡಿನ್‌ಬರೊ ನಗರದ ಹಳೆಯ ನೆಲಮಾಳಿಗೆಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಯಾವ ಕೋಣೆಗೆ ದೆವ್ವದ ಖ್ಯಾತಿಯಿದೆಯೆಂದು ಹೇಳದೆಯೇ ಜನರನ್ನು ಕಳುಹಿಸಿದರೂ, ಖ್ಯಾತಿಯಿದ್ದ ಕೋಣೆಗಳಲ್ಲಿಯೇ ಹೆಚ್ಚು ಮಂದಿಗೆ ವಿಚಿತ್ರ ಅನುಭವಗಳಾದುವು. ಆದರೆ ಆ ಅನುಭವಗಳು ಕೋಣೆಯ ಅಳತೆ, ಬೆಳಕಿನ ಪ್ರಮಾಣ ಮೊದಲಾದವುಗಳೊಂದಿಗೆ ಹೊಂದಿಕೊಂಡಿದ್ದುವು. ಸ್ಥಳಕ್ಕೂ ಭಯಕ್ಕೂ ಏನೋ ಸಂಬಂಧವಿದೆ. ಅದು ಒಂದೇ ಎಳೆಯದಲ್ಲ.

ಈ ಮೂರು ಪ್ರಯತ್ನಗಳಲ್ಲಿಯೂ ವೇವರ್ಲಿಯ ರಾತ್ರಿಯ ತಂಡಗಳಲ್ಲಿ ಕಾಣದ ಒಂದು ಲಕ್ಷಣವಿದೆ. ಟ್ಯಾಂಡಿಯ ಅಲಗು ಕೊಠಡಿಯ ತುದಿಯಲ್ಲಿಯೂ ಅಷ್ಟೇ ಕುಣಿದಿದ್ದರೆ ಅವನ ಊಹೆ ಬಿದ್ದುಹೋಗುತ್ತಿದ್ದಿತು. ಯಂತ್ರ ನಡೆಯುವಾಗ ಮಾತ್ರ ಜನ ಹೆದರಿದ್ದರೆ ಫ್ರೆಂಚನ ನಿರ್ಣಯ ಬೇರೆಯಾಗುತ್ತಿದ್ದಿತು. ಸೋಲುವುದಕ್ಕೆ ಅವಕಾಶವಿಟ್ಟುಕೊಂಡೇ ಅವರು ಹೊರಟಿದ್ದರು. ಮಾಪಕದ ದೀಪ ಮಿನುಗಿದರೆ ಪ್ರೇತ ಬಂದಿದೆಯೆಂದೂ, ಮಿನುಗದಿದ್ದರೆ ಪ್ರೇತ ಇಂದು ನಾಚಿಕೊಂಡಿದೆಯೆಂದೂ ಹೇಳುವವನು ಎಂದೂ ಸೋಲುವುದಿಲ್ಲ. ಅದಕ್ಕಾಗಿಯೇ ಅವನು ಏನನ್ನೂ ಕಲಿಯುವುದಿಲ್ಲ. ನಮ್ಮ ನಾಡಿನಲ್ಲಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗಾಗಿ ಒಂದು ಸಮಿತಿಯನ್ನು ರಚಿಸಿದರು. ಆ ಸಮಿತಿಯ ಹೆಸರಿನಲ್ಲಿ ಪವಾಡಗಳ ಜೊತೆಗೆ ‘ಪರೀಕ್ಷಿಸಬಹುದಾದ’ ಮೂಢನಂಬಿಕೆಗಳು ಎಂಬ ಮಾತೂ ಸೇರಿದ್ದಿತು. ಪರೀಕ್ಷೆಗೆ ಒಡ್ಡಿಕೊಳ್ಳಬಲ್ಲ ಮಾತನ್ನು ಮಾತ್ರ ಪರೀಕ್ಷಿಸಲು ಸಾಧ್ಯ. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ಆ ವಿಶೇಷಣದ ಬೆಲೆಯನ್ನು ಚೆನ್ನಾಗಿ ಅರಿತಿದ್ದರು.

ಪಾಳು ಕಟ್ಟಡದಲ್ಲಿ ಏನನ್ನೋ ಕಂಡೆನೆಂದು ಹೇಳುವವರನ್ನು ಸುಳ್ಳುಗಾರರೆಂದು ಕರೆಯುವುದು ಅನ್ಯಾಯ. ಟ್ಯಾಂಡಿಯೂ ಕಂಡನು, ವಿಲ್ಮರ್ ವರ್ಣಿಸಿದ ಕುಟುಂಬವೂ ಕಂಡಿತು. ಕಂಡದ್ದು ನಿಜ, ಕಂಡದ್ದಕ್ಕೆ ಕೊಟ್ಟ ಕಾರಣ ಬೇರೆ. ಕಂಡವನ ಮಾತನ್ನು ಗೌರವದಿಂದ ಕೇಳಿ, ಗಂಟೆ ಎಷ್ಟಾಗಿತ್ತು, ಗಾಳಿ ಎತ್ತಲಿಂದ ಬೀಸುತ್ತಿತ್ತು, ಆ ದಿನ ನಿದ್ದೆ ಮಾಡಿದ್ದನೇ, ಈ ಸ್ಥಳದ ಕಥೆಯನ್ನು ಮೊದಲೇ ಕೇಳಿದ್ದನೇ ಎಂದು ವಿಚಾರಿಸಿದರೆ ಬಹಳಷ್ಟು ತಿಳಿಯುತ್ತದೆ.

ವೇವರ್ಲಿಯ ಕಥೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಅಲ್ಲಿಯ ಸುರಂಗ. ಆಸ್ಪತ್ರೆಯಿಂದ ಬೆಟ್ಟದ ಬುಡದವರೆಗೆ ಸುಮಾರು ಐನೂರು ಅಡಿ ಉದ್ದಕ್ಕೆ ಅದು ಇಳಿಜಾರಾಗಿ ಹೋಗುತ್ತದೆ. ಹೆಣಗಳನ್ನು ಜಾರಿಸಿಬಿಡುತ್ತಿದ್ದ ದಾರಿಯೆಂಬರ್ಥದ ಹೆಸರಿನಿಂದ ಇಂದು ಅದನ್ನು ಕರೆಯುತ್ತಾರೆ. ನೋಡಲು ಬಂದವರು ಅಲ್ಲಿಗೆ ಬಂದಾಗ ಮಾತು ನಿಲ್ಲಿಸುತ್ತಾರೆ. ಸತ್ತವರನ್ನು ಆ ದಾರಿಯಲ್ಲಿ ಸಾಗಿಸಿದ್ದು ನಿಜ. ಮೊಗಸಾಲೆಯ ಮಂಚಗಳ ಮೇಲೆ ಮಲಗಿದ್ದ ರೋಗಿಗಳಿಗೆ ಇಡೀ ಅಂಗಳ ಕಾಣುತ್ತಿದ್ದಿತು. ಪಕ್ಕದ ಮಂಚದವನ ಶವವನ್ನು ಬಂಡಿಗೆ ಏರಿಸುವುದನ್ನು ಅವರು ನೋಡಿದರೆ ಬದುಕುವ ಆಸೆಯನ್ನೇ ಬಿಟ್ಟಾರೆಂದು ವೈದ್ಯರು ಅಂಜಿದರು. ಔಷಧವಿಲ್ಲದ ಕಾಲದಲ್ಲಿ ಆ ಆಸೆಯೂ ಚಿಕಿತ್ಸೆಯ ಒಂದು ಭಾಗವಾಗಿದ್ದಿತು. ಆದರೆ ಸುರಂಗದ ಉಪಯೋಗ ಅದೊಂದೇ ಆಗಿರಲಿಲ್ಲ. ಅದರ ಒಂದು ಪಕ್ಕದಲ್ಲಿ ಹಳಿಗಳಿದ್ದುವು. ಯಂತ್ರದಿಂದ ಎಳೆಯುವ ಹಗ್ಗಕ್ಕೆ ಕಟ್ಟಿದ ಬಂಡಿಯಲ್ಲಿ ಸಾಮಾನುಗಳು ಮೇಲಕ್ಕೆ ಬರುತ್ತಿದ್ದುವು. ಇನ್ನೊಂದು ಪಕ್ಕದಲ್ಲಿ ಮೆಟ್ಟಿಲುಗಳಿದ್ದುವು. ಬೆಟ್ಟವನ್ನು ಸುತ್ತಿ ಹತ್ತುವ ಶ್ರಮವನ್ನು ಉಳಿಸಿಕೊಂಡು ಆಸ್ಪತ್ರೆಯ ಸಿಬ್ಬಂದಿ ಕೆಲಸಕ್ಕೆ ಬಂದುಹೋಗುತ್ತಿದ್ದುದು ಆ ಮೆಟ್ಟಿಲುಗಳ ಮೇಲೆಯೇ.